ಕಾಯಕಶಿಕ್ಷಣವೂ ದಾಸೋಹವೂ





ಕಾಯಕವು ಶರಣಧರ್ಮದ ಪ್ರಾಣವೆಂಬುದನ್ನು ತಾವೆಲ್ಲರೂ ಬಲ್ಲಿರಿ. ದುಡಿಯದೆ ಉಣ್ಣತಕ್ಕದ್ದಲ್ಲ; ಸತ್ಯಶುದ್ಧವಾದ ದುಡಿಮೆಯಿಂದ ಬಂದುದನ್ನೇ ಲಿಂಗಕ್ಕೆ ಅರ್ಪಿಸಬೇಕು; ಗುರುಜಂಗಮರು ಕೂಡ ಈ ಕಟ್ಟಳೆಗೆ ಹೊರತಾದವರಲ್ಲ. ಪ್ರತಿವರ್ಷ ಬಸವಜಯಂತಿಯ ದಿನ ನಾವು ಇದನ್ನು ಹೇಳುತ್ತೇವೆ, ತಾವು ಭಕ್ತಿಯಿಂದ ಕೇಳುತ್ತೀರಿ. ಆದರೆ ಇದರ ಒಳಗಿರುವ ಒಂದು ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಒಬ್ಬನಿಗೆ ದುಡಿಯುವ ಮನಸ್ಸಿದೆ, ದುಡಿಯಬಲ್ಲ ಕೈಗಳಿವೆ. ಆದರೆ ಆ ಕೈಗಳಿಗೆ ಯಾರೂ ಒಂದು ಕಸುಬನ್ನು ಕಲಿಸಿಲ್ಲ. ಇಂಥವನ ಮುಂದೆ ಕಾಯಕದ ಮಹಿಮೆಯನ್ನು ಎಷ್ಟು ಹೊಗಳಿದರೇನು? ಕಾಯಕವನ್ನು ಬೋಧಿಸುವವರ ಮೇಲೆ ಕಾಯಕವನ್ನು ಕಲಿಸುವ ಹೊಣೆಯೂ ಇಲ್ಲವೇ?

ಈ ಪ್ರಶ್ನೆಯು ನಮಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ನಾವು ಮಾಡಿದ ಒಂದು ತಪ್ಪಿನಿಂದ ಹುಟ್ಟಿತು. ಅದನ್ನು ಮುಚ್ಚಿಡದೆ ತಮ್ಮ ಮುಂದೆ ಇಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಹೊಲಿಗೆಯ ತರಗತಿಯೊಂದನ್ನು ತೆರೆದೆವು. ಭಕ್ತರು ಹೊಲಿಗೆಯಂತ್ರಗಳನ್ನು ಕೊಟ್ಟರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪಾಠ. ಮೂರು ತಿಂಗಳ ಅವಧಿ. ಒಂದು ಕಾಸಿನ ಶುಲ್ಕವೂ ಇಲ್ಲ. ಮೊದಲ ದಿನ ಕೂಲಿಕಾರರ ಓಣಿಯಿಂದ ಅನೇಕರು ಬಂದು ಹೆಸರು ಬರೆಯಿಸಿದರು. ನಮಗೆ ಪರಮಾನಂದವಾಯಿತು. ಆದರೆ ತಿಂಗಳು ತುಂಬುವುದರೊಳಗೆ ಅವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೊನೆಗೆ ಉಳಿದವರು ಮನೆಯಲ್ಲಿ ಉಣ್ಣಲುಡಲು ಕೊರತೆಯಿಲ್ಲದವರು. ಅವರಿಗೂ ಕಲಿಯುವ ಹಕ್ಕಿದೆ, ನಿಜ. ಆದರೆ ಯಾರ ಹೆಸರಿನಲ್ಲಿ ಆ ಯಂತ್ರಗಳನ್ನು ಬೇಡಿ ತಂದಿದ್ದೆವೋ ಅವರಿಗೆ ಅವು ಮುಟ್ಟಲಿಲ್ಲ. “ಪುಕ್ಕಟೆ ಕಲಿಸಿದರೂ ಕಲಿಯಲೊಲ್ಲರು, ಬಡವರಿಗೆ ಸೋಮಾರಿತನವೇ ಶತ್ರು” ಎಂದು ಸಭೆಯೊಂದರಲ್ಲಿ ನಾವೇ ಆಡಿಬಿಟ್ಟೆವು.

ಆ ಸಭೆಯಲ್ಲಿ ಓಣಿಯ ಮುದುಕಿಯೊಬ್ಬಳು ಕುಳಿತಿದ್ದಳು. ಪ್ರಸಾದವಾದ ಮೇಲೆ ನಮ್ಮ ಬಳಿಗೆ ಬಂದು ಶರಣು ಮಾಡಿ ನುಡಿದಳು: “ಅಪ್ಪಾರ, ನನ್ನ ಸೊಸಿಗೆ ಕಲೀಬೇಕಂತ ಭಾಳ ಮನಸೈತ್ರಿ. ಆದ್ರ ಆಕಿ ಕೂಲಿ ತರದ ದಿನ ನಮ್ಮ ಒಲಿ ಹತ್ತೂದಿಲ್ರಿ. ಹೊಲಿಗಿ ನೀವು ಪುಕ್ಕಟೆ ಕಲಸ್ತೀರಿ, ಖರೆ. ಆ ದಿನದ ರೊಟ್ಟಿ ಯಾರು ಕೊಡ್ತಾರ್ರಿ?”

ನಾವು ಉತ್ತರ ಕೊಡಲಾರದೆ ಹೋದೆವು.

ಅಂದಿನ ರಾತ್ರಿ ಆಕೆಯ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿ ನೋಡಿದೆವು. ತಾವೂ ನೋಡಿರಿ. ಉದ್ಯೋಗಖಾತ್ರಿ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ೨೦೨೪–೨೫ರಲ್ಲಿ ಗೊತ್ತುಪಡಿಸಿದ್ದ ದಿನಗೂಲಿ ೩೪೯ ರೂಪಾಯಿ. ತಿಂಗಳಿಗೆ ೨೬ ದಿನದಂತೆ ಮೂರು ತಿಂಗಳಿಗೆ ೭೮ ದಿನಗಳಾದವು. ಅಷ್ಟು ದಿನದ ಕೂಲಿ ೨೭,೨೨೨ ರೂಪಾಯಿ. ಪ್ರತಿದಿನವೂ ಕೂಲಿ ದೊರೆಯುವುದಿಲ್ಲ, ಅರ್ಧ ದಿನಗಳು ಮಾತ್ರ ದೊರೆಯುತ್ತದೆಂದು ಹಿಡಿದರೂ ೧೩,೬೧೧ ರೂಪಾಯಿ. ನಮ್ಮ ಪುಕ್ಕಟೆಯ ತರಗತಿಗೆ ಆ ಬಡಹೆಣ್ಣುಮಗಳು ತೆರಬೇಕಾಗಿದ್ದ ಶುಲ್ಕ ಇದು! ಉಳ್ಳವರ ಮಗಳಿಗೆ ಅದೇ ತರಗತಿ ನಿಜವಾಗಿಯೂ ಪುಕ್ಕಟೆ. ಒಂದೇ ಬಾಗಿಲು, ಒಂದೇ ಹೊಸ್ತಿಲು. ಆದರೆ ಒಬ್ಬಳಿಗೆ ಅದು ಸಮತಟ್ಟು, ಇನ್ನೊಬ್ಬಳಿಗೆ ಬೆಟ್ಟ. ಬೆಟ್ಟವನ್ನು ಕಾಣದೆ ನಾವು ಆಕೆಯ ಕಾಲನ್ನು ಹಳಿದಿದ್ದೆವು.

ಶರಣಬಂಧುಗಳೇ, ಈ ಮಾತನ್ನು ಶರಣರು ಎಂದೋ ತಿಳಿಸಿದ್ದಾರೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನೆನೆಯೋಣ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಹಿಡಿದವರು. ಇಂದು ಆಯ್ದುದು ಇಂದಿಗೆ. ನಾಳೆಗೆ ಕೂಡಿಡುವ ಮಾತಿಲ್ಲ. ಒಮ್ಮೆ ಅವರು ಅಗತ್ಯಕ್ಕೆ ಮೀರಿ ತಂದಾಗ ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದುಬರುವಂತೆ ಕಳುಹಿಸಿದರೆಂಬುದು ಎಲ್ಲರಿಗೂ ತಿಳಿದ ಕಥೆ. ಅದೇ ಪ್ರಸಂಗದ ಇನ್ನೊಂದು ಭಾಗದ ಕಡೆಗೆ ನಮ್ಮ ಲಕ್ಷ್ಯ ಅಷ್ಟಾಗಿ ಹೋಗುವುದಿಲ್ಲ. ಮಾರಯ್ಯನವರು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರುತ್ತಾರೆ. ಹೊತ್ತು ಮೀರುತ್ತದೆ. ಆಗ ಲಕ್ಕಮ್ಮನವರೇ ಬಂದು, ಕಾಯಕ ನಿಂತಿತೆಂದು ಎಚ್ಚರಿಸಿ ಅವರನ್ನು ಎಬ್ಬಿಸಿ ಕಳುಹಿಸುತ್ತಾರೆ.

ಇದರ ಅರ್ಥವನ್ನು ವಿಚಾರಿಸಿರಿ. ಅಲ್ಲಮಪ್ರಭುವಿಗಿಂತ ದೊಡ್ಡ ಗುರು ಯಾರು? ಅನುಭವಮಂಟಪಕ್ಕಿಂತ ದೊಡ್ಡ ವಿದ್ಯಾಶಾಲೆ ಯಾವುದು? ಆದರೂ ಅಂದಂದಿನ ದುಡಿಮೆಯಿಂದ ಬದುಕುವ ಶರಣನನ್ನು ಅವನ ದುಡಿಮೆಯ ಹೊತ್ತಿನಲ್ಲಿ ಆ ಶಾಲೆಯೂ ಹಿಡಿದು ಕೂಡಿಸಿಕೊಳ್ಳಲಾಗಲಿಲ್ಲ. ಲಕ್ಕಮ್ಮನವರನ್ನು ಯಾರೂ ಜ್ಞಾನವಿರೋಧಿಯೆಂದು ಕರೆಯಲಿಲ್ಲ. ಮಾರಯ್ಯನವರನ್ನು ಯಾರೂ ಸೋಮಾರಿಯೆಂದು ಹಳಿಯಲಿಲ್ಲ. ಅನುಭವಮಂಟಪವು ಯಾವ ಮಾತಿಗೆ ತಲೆಬಾಗಿತೋ ಆ ಮಾತನ್ನು ನಮ್ಮ ಹೊಲಿಗೆಯ ತರಗತಿಯು ಮರೆತಿತ್ತು. ಬಡವನ ಕಾಲ ಬಿಡುವಿನ ಕಾಲವಲ್ಲ. ಅವನ ಒಂದೊಂದು ಹಗಲೂ ಒಂದೊಂದು ಮಡಕೆ ಅಂಬಲಿ.

ಹಾಗಾದರೆ ಉಪಾಯವೇನು? ಶರಣರು ಕಾಯಕವನ್ನು ಒಂಟಿಯಾಗಿ ಹೇಳಲಿಲ್ಲ. ಅದರ ಜೊತೆಗೆ ದಾಸೋಹವನ್ನು ಹೇಳಿದರು. ಕಾಯಕದ ಫಲವೇ ದಾಸೋಹವೆಂದು ನಾವು ಸಾಮಾನ್ಯವಾಗಿ ವಿವರಿಸುತ್ತೇವೆ. ಅದು ಸರಿಯೇ. ಆದರೆ ಕಲಿಯುವವನ ವಿಷಯದಲ್ಲಿ ಕ್ರಮವು ತಿರುಗುತ್ತದೆ: ಅವನಿಗೆ ದಾಸೋಹವು ಮೊದಲು, ಕಾಯಕವು ಆಮೇಲೆ. ಇಂದು ಅವನ ತುತ್ತನ್ನು ನಾವು ಹೊತ್ತರೆ, ನಾಳೆ ಅವನು ಹತ್ತು ಜನರ ತುತ್ತನ್ನು ಹೊರಬಲ್ಲನು.

ಇದು ಕನಸಿನ ಮಾತಲ್ಲವೆಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ಸಾಕ್ಷಿಯಿದೆ. ಹಾನಗಲ್ಲ ಕುಮಾರಸ್ವಾಮಿಗಳವರು ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾಪುರುಷರು. ಅವರ ದೃಷ್ಟಿಗೆ ಹುಟ್ಟುಕುರುಡನಾದ ಬಡಬಾಲಕನೊಬ್ಬನು ಬಿದ್ದನು. ಅಂಥ ಬಾಲಕನಿಗೆ ಅಂದಿನ ಸಮಾಜವು ತೋರಿಸುತ್ತಿದ್ದ ದಾರಿ ಭಿಕ್ಷೆಯೊಂದೇ. ಶ್ರೀಗಳವರು ಅವನ ಕಂಠದಲ್ಲಿದ್ದ ನಾದವನ್ನು ಗುರುತಿಸಿ, ಅನ್ನಾಶ್ರಯಗಳನ್ನು ಕೊಟ್ಟು, ಗುರುಗಳನ್ನು ಗೊತ್ತುಮಾಡಿ ಸಂಗೀತವನ್ನು ಕಲಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರು ೧೮೯೨ರಲ್ಲಿ ಹುಟ್ಟಿ ೧೯೪೪ರಲ್ಲಿ ಲಿಂಗೈಕ್ಯರಾದರು. ತಾವು ಕಲಿತುದನ್ನು ತಮ್ಮಂತೆಯೇ ಅಂಧರೂ ಅನಾಥರೂ ಆದ ಮಕ್ಕಳಿಗೆ ಕಲಿಸುತ್ತ ಊರೂರು ತಿರುಗಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ತಪಸ್ಸಿನ ಫಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದೀಪವನ್ನು ನಂದಗೊಡಲಿಲ್ಲ.

ಆ ಆಶ್ರಮದ ರೀತಿಯನ್ನು ಗಮನಿಸಿರಿ. ಮೊದಲು ಮಗುವಿಗೆ ಊಟ, ಮಲಗಲು ಸ್ಥಳ. ಅದರ ಜೊತೆಯಲ್ಲಿ ವಿದ್ಯೆ. “ನೀನು ಎಷ್ಟನೆಯ ಇಯತ್ತೆ ಓದಿದ್ದೀ?” ಎಂಬ ಪ್ರಶ್ನೆಯಲ್ಲಿ ಅಲ್ಲಿಯ ಶಿಕ್ಷಣ ನಿಂತುಬಿಡಲಿಲ್ಲ, ಯಾವನಲ್ಲಿ ಯಾವ ಶಕ್ತಿಯಿದೆ ಎಂಬುದನ್ನು ಅದು ನೋಡಿತು. ಕಂಠವಿದ್ದವನಿಗೆ ಗಾಯನ, ಬೆರಳಿನ ಚಳಕವಿದ್ದವನಿಗೆ ತಬಲ, ಹಾರ್ಮೋನಿಯಂ, ಪಿಟೀಲು. ಆ ವಿದ್ಯೆಯು ಅನ್ನವನ್ನು ಸಂಪಾದಿಸಿಕೊಡುವ ವಿದ್ಯೆಯಾಯಿತು. ಅಲ್ಲಿಂದ ಹೊರಟವರು ಸಂಗೀತದ ಉಪಾಧ್ಯಾಯರಾದರು, ಕೀರ್ತನಕಾರರಾದರು, ನಾಟಕಮಂಡಳಿಗಳಲ್ಲಿ ವಾದಕರಾದರು. ಭಿಕ್ಷಾಪಾತ್ರೆಯನ್ನು ಹಿಡಿಯಬೇಕಾಗಿದ್ದ ಕೈ ವಾದ್ಯವನ್ನು ಹಿಡಿಯಿತು. ಕಾಯಕಶಿಕ್ಷಣವು ಬಡವರಿಗೆ ಹೇಗೆ ಮುಟ್ಟಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾವು ಕಾಣೆವು.

ಇನ್ನು ಸರಕಾರವು ಮಾಡಿರುವ ಏರ್ಪಾಡುಗಳೂ ಅಲ್ಪವಲ್ಲ. ಕುಶಲಕರ್ಮಿಗಳ ತರಬೇತಿಯ ಯೋಜನೆಯು ೧೯೫೦ರಲ್ಲಿಯೇ ಆರಂಭವಾಗಿ, ಐ.ಟಿ.ಐ. ಎಂದು ತಾವೆಲ್ಲರೂ ಬಲ್ಲ ಕೈಗಾರಿಕಾ ತರಬೇತಿ ಸಂಸ್ಥೆಗಳು ಊರೂರಿಗೆ ಬಂದವು. ಅವು ಲಕ್ಷಾಂತರ ಮನೆಗಳಿಗೆ ಬೆಳಕನ್ನು ತಂದಿವೆ. ಆದರೆ ಅಲ್ಲಿಯ ಬಹುಪಾಲು ಕಸುಬುಗಳಿಗೆ ಹತ್ತನೆಯ ತರಗತಿ, ಕೆಲವಕ್ಕೆ ಎಂಟನೆಯ ತರಗತಿ ಮುಗಿದಿರಬೇಕು. ಅವಧಿಯು ಸಾಮಾನ್ಯವಾಗಿ ಒಂದು ವರ್ಷ ಇಲ್ಲವೆ ಎರಡು ವರ್ಷ. ನಾಲ್ಕನೆಯ ತರಗತಿಗೆ ಶಾಲೆಯನ್ನು ಬಿಟ್ಟು ಕುರಿ ಕಾಯಲು ಹೋದ ಹುಡುಗನು ಆ ಬಾಗಿಲಿನ ಹೊರಗೇ ಉಳಿಯುತ್ತಾನೆ. ಯಾರಿಗೆ ಕಸುಬು ಎಲ್ಲರಿಗಿಂತ ಹೆಚ್ಚು ಅವಶ್ಯವೋ ಅವನೇ ಹೊರಗೆ!

ಈ ಕೊರತೆಯನ್ನು ಕಂಡು ಬೇರೊಂದು ದಾರಿ ಹಿಡಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ೧೯೮೨ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಅಂದಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಸಹಕಾರದೊಡನೆ ರುಡ್‌ಸೆಟ್ ಸಂಸ್ಥೆಯು ಹುಟ್ಟಿತು. ಅಲ್ಲಿ ಕಲಿಯುವವನಿಗೆ ಊಟ ವಸತಿಗಳು ಉಚಿತ. ಶಿಕ್ಷಣವು ವರ್ಷಗಟ್ಟಲೆಯದಲ್ಲ, ಕೆಲವು ವಾರಗಳದು. ಕಲಿತು ಹೊರಟವನಿಗೆ ಬ್ಯಾಂಕಿನಿಂದ ಸಾಲ ದೊರೆಯಲು ನೆರವು. ಆಮೇಲೆಯೂ ಕೆಲಕಾಲ ಅವನ ಕಸುಬು ಹೇಗೆ ನಡೆದಿದೆಯೆಂದು ಹೋಗಿ ವಿಚಾರಿಸುವ ಪದ್ಧತಿ. ಈ ರೀತಿಯು ಫಲಿಸಿದುದನ್ನು ಕಂಡು ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯು ೨೦೦೯ರಿಂದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಯಿಸುತ್ತ ಬಂದಿತು. ಗದಗಿನ ಆಶ್ರಮ, ಉಜಿರೆಯ ಸಂಸ್ಥೆ—ಇವೆರಡರ ಹಿನ್ನೆಲೆ ಬೇರೆ, ಉದ್ದೇಶ ಬೇರೆ. ಆದರೂ ಎರಡರಲ್ಲಿಯೂ ಕಾಣುವ ಮೂಲಸೂತ್ರ ಒಂದೇ: ಕಲಿಯುವವನ ಹಸಿವನ್ನು ಕಲಿಸುವವನೇ ಹೊರಬೇಕು.

೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿಯೂ ಈ ಸೂತ್ರವು ಸ್ವಲ್ಪಮಟ್ಟಿಗೆ ಬಂದಿದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯ, ಉಪಕರಣಗಳಿಗೆ ೧೫,೦೦೦ ರೂಪಾಯಿ ನೆರವು ಎಂದು ಅದರಲ್ಲಿ ಗೊತ್ತುಮಾಡಿದರು. ಅದಕ್ಕೆ ಸೇರಿದ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಮಡಿವಾಳರು, ಬುಟ್ಟಿ ಹೆಣೆಯುವವರು, ದೋಣಿ ಕಟ್ಟುವವರು, ಚಮ್ಮಾರರು ಇದ್ದಾರೆ. ಈ ಪಟ್ಟಿಯನ್ನು ಓದಿದಾಗ ನಮಗೆ ಮಡಿವಾಳ ಮಾಚಿದೇವರು, ಮೇದಾರ ಕೇತಯ್ಯನವರು, ಅಂಬಿಗರ ಚೌಡಯ್ಯನವರು, ಡೋಹರ ಕಕ್ಕಯ್ಯನವರು ಕಣ್ಣಮುಂದೆ ಸುಳಿದರು. ಲೋಕವು ಕೀಳೆಂದ ಕೈಗಳಿಗೆ ಗೌರವ ಸಲ್ಲುವುದು ಸಂತೋಷದ ವಿಷಯ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕುಟುಂಬಪರಂಪರೆಯಿಂದ ಬಂದ ಕಸುಬನ್ನು ಉತ್ತಮಗೊಳಿಸುವುದು ಬೇರೆ. ಹುಟ್ಟಿದ ಮನೆಯ ಕಸುಬಿನಲ್ಲಿಯೇ ಮನುಷ್ಯನನ್ನು ಕಟ್ಟಿಹಾಕುವುದು ಬೇರೆ. ಶರಣರ ಕಾಯಕವು ಕುಲಕ್ಕೆ ಅಂಟಿದುದಲ್ಲ. ಮೋಳಿಗೆಯ ಮಾರಯ್ಯನವರು ಪೂರ್ವದಲ್ಲಿ ಕಾಶ್ಮೀರದ ಅರಸರಾಗಿದ್ದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಕಲ್ಯಾಣಕ್ಕೆ ಬಂದು ಅವರು ಕೊಡಲಿಯನ್ನು ಹಿಡಿದು ಕಟ್ಟಿಗೆಯ ಹೊರೆಯನ್ನು ಹೊತ್ತರು. ಅರಸನು ಕಟ್ಟಿಗೆ ಕಡಿಯುವುದನ್ನು ಕಲಿಯಬಹುದಾದರೆ, ಕಟ್ಟಿಗೆ ಹೊರುವವನ ಮಗನು ವಿದ್ಯುತ್ತಿನ ಕೆಲಸವನ್ನೂ ಯಂತ್ರದ ಕೆಲಸವನ್ನೂ ರೋಗಿಗಳ ಶುಶ್ರೂಷೆಯನ್ನೂ ಏಕೆ ಕಲಿಯಬಾರದು? “ನಿನಗೆ ಇದೇ ಸಾಕು” ಎಂದು ಬಡವರ ಮಕ್ಕಳಿಗೆ ನಾವು ಗೆರೆಯೆಳೆದರೆ, ಬಸವಣ್ಣನವರು ಅಳಿಸಿದ ಗೆರೆಯನ್ನೇ ಮತ್ತೆ ಬರೆದಂತಾಗುವುದು.

ಅದೇ ಮಾರಯ್ಯನವರ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯಿದೆ. ಅವರ ಬಡತನದ ಸುದ್ದಿಯನ್ನು ಕೇಳಿ ಬಸವಣ್ಣನವರು, ಮಾರಯ್ಯನವರು ಮನೆಯಲ್ಲಿಲ್ಲದ ವೇಳೆ ನೋಡಿ ಹೋಗುತ್ತಾರೆ. ಮಹಾದೇವಮ್ಮನವರು ನೀಡಿದ ಅಂಬಲಿಯನ್ನು ಸವಿದು, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟುಬರುತ್ತಾರೆ. ಮಾರಯ್ಯನವರು ಅದನ್ನು ತಮಗಾಗಿ ಮುಟ್ಟಲಿಲ್ಲ, ಜಂಗಮರಿಗೆ ಹಂಚಿಬಿಟ್ಟರು. ದುಡಿಯುವವನಿಗೆ ಕರುಣೆಯ ಹೊನ್ನು ಬೇಡ. ಆದುದರಿಂದ ಕಲಿಯುವವನಿಗೆ ಕೊಡುವ ದಿನಭತ್ಯವನ್ನು ಭಿಕ್ಷೆಯಂತೆ ಎಸೆಯಬಾರದು. ಅವನು ಕಲಿಕೆಯೆಂಬ ಕಾಯಕವನ್ನು ಮಾಡುತ್ತಿದ್ದಾನೆ, ಇದು ಅದರ ನ್ಯಾಯವಾದ ಕೂಲಿ ಎಂದು ತಿಳಿದು ಎರಡು ಕೈಯಿಂದ ಕೊಡಬೇಕು. ಕೊಡುವವನು ಒಡೆಯನಲ್ಲ, ದಾಸ. ದಾಸೋಹವೆಂಬ ಶಬ್ದದಲ್ಲಿಯೇ ಈ ಅರ್ಥವಿದೆ.

ಇಷ್ಟನ್ನು ತಿಳಿದ ಮೇಲೆ ನಮ್ಮ ಮಠದ ತರಗತಿಯನ್ನು ತಿದ್ದಿದೆವು. ಓಣಿಯ ಹೆಣ್ಣುಮಕ್ಕಳನ್ನೇ ಕರೆದು, ಯಾವ ಕಾಲ ಅನುಕೂಲವೆಂದು ಕೇಳಿದೆವು. ಬಿತ್ತನೆ ಸುಗ್ಗಿಗಳಲ್ಲಿ ಬರಲಾರೆವೆಂದರು. ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ತರಗತಿಯನ್ನು ಇಟ್ಟೆವು. ಮಠದ ಸಭಾಮಂಟಪಕ್ಕೆ ಬರಲು ಕೆಲವರಿಗೆ ಸಂಕೋಚವಿತ್ತು. ಯಂತ್ರಗಳನ್ನು ಅವರ ಓಣಿಯ ಸಮುದಾಯಭವನಕ್ಕೆ ಸಾಗಿಸಿದೆವು. ಹಸುಗೂಸುಗಳನ್ನು ನೋಡಿಕೊಳ್ಳಲು ಆ ಮುದುಕಿಯೇ ಮುಂದೆ ಬಂದಳು. ಅವಳಿಗೂ ಕೂಲಿ ಗೊತ್ತಾಯಿತು. ಮಧ್ಯಾಹ್ನ ದಾಸೋಹದಿಂದ ರೊಟ್ಟಿ ಪಲ್ಯ ಹೋಯಿತು. ವಾರವಾರಕ್ಕೆ ಭತ್ಯವನ್ನು ಕೈಗೆ ಕೊಟ್ಟೆವು. ಇಷ್ಟಾದ ಮೇಲೆಯೂ ಎಲ್ಲರೂ ಕೊನೆಯವರೆಗೆ ನಿಂತರೆಂದು ಹೇಳಲಾರೆವು. ಒಬ್ಬಳ ಗಂಡನು ಒಪ್ಪಲಿಲ್ಲ, ಇನ್ನೊಬ್ಬಳಿಗೆ ಕಾಯಿಲೆಯಾಯಿತು. ಆದರೆ ಅರ್ಧಕ್ಕಿಂತ ಹೆಚ್ಚಿನವರು ಕಲಿತರು.

ಕಲಿತ ಮೇಲೆ ಇನ್ನೊಂದು ತೊಡಕು ಎದುರಾಯಿತು. ಹೊಲಿಯಲು ಬಲ್ಲರು, ಹೊಲಿಸುವವರೆಲ್ಲಿ? ನಮ್ಮ ಮಠದ ಶಾಲೆಯ ಮಕ್ಕಳ ಸಮವಸ್ತ್ರಗಳನ್ನು ನಾವು ಅದುವರೆಗೆ ಪಟ್ಟಣದ ಅಂಗಡಿಯಿಂದ ತರಿಸುತ್ತಿದ್ದೆವು! ನಾಚಿಕೆಯಾಯಿತು. ಆ ವರ್ಷದಿಂದ ಅವುಗಳನ್ನು ಇವರಿಗೇ ವಹಿಸಿದೆವು. ಮೊದಲ ಸಲ ಕಾಜುಗಳು ಸ್ವಲ್ಪ ಸೊಟ್ಟಗಾಗಿದ್ದವು. ಎರಡನೆಯ ಸಲ ನೆಟ್ಟಗಾದವು. ಕಸುಬು ಕೈಗೆ ಹತ್ತುವುದು ಕೆಲಸದಿಂದ. ಕೆಲಸ ಕೊಡದೆ ಕಸುಬು ಕಲಿಸುವುದು, ನೀರಿಲ್ಲದ ಕೆರೆಯಲ್ಲಿ ಈಜು ಕಲಿಸಿದಂತೆ.

ಸದ್ಭಕ್ತರೇ, ಇದು ಮಠಗಳಿಂದ ಮಾತ್ರ ಮುಗಿಯುವ ಕಾರ್ಯವಲ್ಲ. ಗೃಹಸ್ಥರಾದ ತಮ್ಮ ಕೈಯಲ್ಲಿ ಇದರ ದೊಡ್ಡ ಪಾಲಿದೆ. ತಮ್ಮಲ್ಲಿ ಅಂಗಡಿಕಾರರಿದ್ದೀರಿ, ಗಿರಣಿಯ ಮಾಲಿಕರಿದ್ದೀರಿ, ಗ್ಯಾರೇಜು ನಡೆಸುವವರಿದ್ದೀರಿ, ಮನೆ ಕಟ್ಟಿಸುವ ಗುತ್ತಿಗೆದಾರರಿದ್ದೀರಿ. ಒಬ್ಬೊಬ್ಬರು ಒಬ್ಬ ಬಡವರ ಮಗನನ್ನೋ ಮಗಳನ್ನೋ ಕಲಿಯಲು ಇಟ್ಟುಕೊಳ್ಳಿರಿ. ಶಿಶಿಕ್ಷುಗಳಿಗೆ ಭತ್ಯ ಕೊಡಬೇಕೆಂದು ೧೯೬೧ರ ಕಾಯಿದೆಯೇ ವಿಧಿಸಿದೆ. ಆ ಕಾಯಿದೆಗೆ ಒಳಪಡದ ಸಣ್ಣ ಅಂಗಡಿಯವರು ಧರ್ಮದ ಕಾಯಿದೆಗಾದರೂ ಒಳಪಡಲಿ. ಕಸ ಹೊಡೆಸಿ ಚಹಾ ತರಿಸಿ ವರ್ಷ ಕಳೆದು “ಕಲಿಸಿದೆ” ಎನ್ನಬೇಡಿರಿ. ಉಪಕರಣವನ್ನು ಅವನ ಕೈಗೆ ಕೊಡಿರಿ. ಮದುವೆಯ ಹಂದರಕ್ಕೆ ಲಕ್ಷಗಳನ್ನು ಸುರಿಯುವವರು, ಒಬ್ಬಳ ಮೂರು ತಿಂಗಳ ಭತ್ಯವನ್ನು ಅದರಿಂದ ತೆಗೆದಿಡಿರಿ. ಅದೂ ಆಗದವರು, ಹೊಸದಾಗಿ ಕಲಿತವರಿಂದ ಒಂದು ಅಂಗಿಯನ್ನು ಹೊಲಿಸಿರಿ, ಚೌಕಾಸಿ ಮಾಡದೆ ಬೆಲೆಯನ್ನು ಕೊಡಿರಿ. ಇವೆಲ್ಲವೂ ದಾಸೋಹವೇ.

ಕೊನೆಯದಾಗಿ ಒಂದು ಮಾತು. ಕೈಕೆಲಸದವರನ್ನು ಕಂಡರೆ ತಾವು ಹೇಗೆ ನಡೆದುಕೊಳ್ಳುತ್ತೀರೆಂಬುದನ್ನು ತಮ್ಮ ಮಕ್ಕಳು ನೋಡುತ್ತಾರೆ. ಬಡವರ ಮಕ್ಕಳೂ ನೋಡುತ್ತಾರೆ. ನಳವನ್ನು ರಿಪೇರಿ ಮಾಡಲು ಬಂದವನನ್ನು ಹೊರಗೆ ನಿಲ್ಲಿಸಿ ಏಕವಚನದಲ್ಲಿ ಕೂಗಿದರೆ, ಯಾವ ಹುಡುಗನು ತಾನೇ ಆ ಕಸುಬನ್ನು ಆಸೆಪಟ್ಟು ಕಲಿತಾನು? ಕೂಡಿಸಿ ನೀರು ಕೊಟ್ಟು “ಅಣ್ಣಾ” ಎಂದು ಕರೆದ ಮನೆಯಲ್ಲಿ ಕಾಯಕಶಿಕ್ಷಣದ ಮೊದಲ ಪಾಠವು ಮುಗಿದಿರುತ್ತದೆ.

ಆ ಮುದುಕಿಯ ಪ್ರಶ್ನೆಯನ್ನು ತಮಗೆ ಒಪ್ಪಿಸುತ್ತಿದ್ದೇವೆ: ಆ ದಿನದ ರೊಟ್ಟಿ ಯಾರು ಕೊಡುವರು? ಇಂದು ಲಿಂಗಪೂಜೆಯಲ್ಲಿ ಕುಳಿತಾಗ ಇದನ್ನು ಕೇಳಿಕೊಳ್ಳಿರಿ. ತಮ್ಮ ಮನೆಯ ಕಣಜದಿಂದಲೋ, ಅಂಗಡಿಯ ಗಲ್ಲೆಯಿಂದಲೋ, ತಾವು ಬಲ್ಲ ಕಸುಬಿನಿಂದಲೋ ಉತ್ತರ ಹೊರಡಲಿ. ಕಲಿಯುವ ಕೈಗೆ ತುತ್ತು, ಕಲಿತ ಕೈಗೆ ಕೆಲಸ, ದುಡಿವ ಕೈಗೆ ಗೌರವ—ಈ ಮೂರನ್ನು ಸಲ್ಲಿಸುವ ಶಕ್ತಿಯನ್ನೂ ಮನಸ್ಸನ್ನೂ ಬಸವಾದಿ ಪ್ರಮಥರು ತಮ್ಮೆಲ್ಲರಿಗೂ ದಯಪಾಲಿಸಲೆಂದು ಹಾರೈಸುತ್ತೇವೆ.